ಮರು: ಸ್ಟೀರಿಯೋ ಫೋಟೋಗೆ ಕನ್ನಡದಲ್ಲಿ ಏನಂತ ಬರೆಸಲಿ? (ಬೋರ್ಡ್ ಅರ್ಜೆಂಟ್)

ಎಲ್ಲರಿಗೂ ನಮಸ್ಕಾರ. ಸ್ಟೀರಿಯೋ ಫೋಟೋ, ಅಂದರೆ ಎರಡು ಕಣ್ಣಿಗೆ ಎರಡು ಬೇರೆ ಚಿತ್ರ ತೋರಿಸಿ ಉಬ್ಬಿದಂತೆ ಕಾಣಿಸೋ ಫೋಟೋ; ಅದನ್ನು ತೋರಿಸೋ ಜಾಗದ ಬೋರ್ಡಿಗೆ ಕನ್ನಡ ಪದ ಬೇಕು ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆ ಥ್ಯಾಂಕ್ಸ್. ಆದರೆ ಇಷ್ಟೆಲ್ಲ ಚರ್ಚೆ ಆದರೂ ಪೇಂಟರ್ ಕೈಗೆ ಕೊಡೋಕೆ ಪದ ಸಿಕ್ಕಿಲ್ಲ. ಸಾಮಾನು ಏನು ಅಂತ ನೋಡದೆ ಪದ ಕಟ್ಟಲು ಹೊರಟಿದ್ದೇವೆ, ಅದೇ ತೊಂದರೆ.

ಬಾಗಲಕೋಟೆಯಲ್ಲಿ ನಾವು ಕೈಯಾರೆ ಮಾಡಿಕೊಂಡಿದ್ದು ಇಷ್ಟು. ಒಂದು ಅಲ್ಯುಮಿನಿಯಂ ಪಟ್ಟಿ, ಅದರ ಮೇಲೆ ಜಾರುವಂತೆ ಕೂರಿಸಿದ ಒಂದು ಕ್ಯಾಮೆರಾ. ಎಡಕ್ಕಿಟ್ಟು ಒಂದು ಫೋಟೋ, 6.5 ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದು. ನಮ್ಮ ಎರಡು ಕಣ್ಣುಗಳ ನಡುವಿನ ಅಂತರ ಹೆಚ್ಚೂಕಡಿಮೆ ಅಷ್ಟೇ. ಬಾದಾಮಿಯ 3ನೇ ಗುಹೆಯಲ್ಲಿ ಶೇಷನ ಮೇಲೆ ಕೂತ ವಿಷ್ಣುವನ್ನು ತೆಗೆದಿದ್ದು ಹೀಗೇ. ಕಲ್ಲು ಅಲ್ಲಾಡುವುದಿಲ್ಲ, ಹಾಗಾಗಿ ಒಂದೇ ಕ್ಯಾಮೆರಾ ಸಾಕು. ಗೋಳಗುಮ್ಮಟವನ್ನು ದೂರದಿಂದ ತೆಗೆಯುವಾಗ ಮಾತ್ರ ಇಷ್ಟು ಸರಿಸಿದರೆ ಉಬ್ಬು ಕಾಣುವುದೇ ಇಲ್ಲ. ಹತ್ತಿರದ ವಸ್ತು ಎಷ್ಟು ದೂರ ಇದೆಯೋ ಅದರ ಮೂವತ್ತರಲ್ಲಿ ಒಂದು ಪಾಲು ಸರಿಸಬೇಕು ಅನ್ನುವುದು ಫೋಟೋದವರ ಲೆಕ್ಕ, ಅಂದರೆ 60 ಮೀಟರಿಗೆ 2 ಮೀಟರ್. ತೋರಿಸೋಕೆ ಎರಡು ಪ್ರೊಜೆಕ್ಟರ್. ಎರಡರ ಮುಂದೆಯೂ ಪೋಲರೈಜರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸೋ ಬೆಳಕನ್ನು ಮಾತ್ರ ಬಿಡೋದು), ಒಂದು ನೆಟ್ಟಗೆ, ಇನ್ನೊಂದು ಅದಕ್ಕೆ ಅಡ್ಡ. ನೋಡುವವರ ಕನ್ನಡಕದಲ್ಲೂ ಅದೇ ಹಾಳೆ. ಚಹಾ ಸೋಸಿದ ಹಾಗೆ, ಎಡಗಣ್ಣಿಗೆ ಎಡದ ಚಿತ್ರ ಮಾತ್ರ ಇಳಿಯುತ್ತದೆ.

ಈಗ ನಿಮ್ಮ ಪದಗಳಿಗೆ ಬರುತ್ತೇನೆ.

ತ್ರಿವಿಮ (ಮೂರು ಆಯಾಮದ) ಚಿತ್ರ: ಬೇಡ. ಊರಲ್ಲಿ ವಿಮೆ ಅಂದರೆ ಇನ್ಶೂರೆನ್ಸ್ ಅಷ್ಟೇ. ಬೋರ್ಡ್ ನಿಂತು ಅರ್ಥ ಬಿಡಿಸಿಕೊಳ್ಳೋ ಜಾಗ ಅಲ್ಲ.

ಘನಚಿತ್ರ: 1838ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ವೀಟ್‌ಸ್ಟನ್ ಇಂಥ ಎರಡು ಚಿತ್ರ ನೋಡೋ ತನ್ನ ಸಾಧನಕ್ಕೆ ಸ್ಟೀರಿಯೋಸ್ಕೋಪ್ ಅಂತ ಹೆಸರಿಟ್ಟಾಗ ಗ್ರೀಕಿನ ಸ್ಟೀರಿಯೋಸ್ ಪದಕ್ಕೆ ಘನ, ಗಟ್ಟಿ ಅನ್ನೋ ಅರ್ಥ ಇತ್ತು, ಒಪ್ಪಿದೆ. ಆದರೆ ಗ್ರೀಕರು ಏನಂದರು ಅನ್ನೋದು ನಮಗ್ಯಾಕೆ? ನಮ್ಮ ಕಣ್ಣೆದುರು ಇರೋದು ಎರಡು ಚಿತ್ರ.

ಇಕ್ಕಣ್ಣ ಚಿತ್ರ: ವಿಜಯಪುರದ ಸರ್, ಇರ್ (ಎರಡು) ಮತ್ತು ಕಣ್ ಕೂಡಿ ಇಕ್ಕಣ್, ಇಕ್ಕೆಲದ ಹಾಗೆ, ವ್ಯಾಕರಣ ಸರಿಯಾಗೇ ಇದೆ. ಮುಕ್ಕಣ್ಣ ಅಂದಾಗ ಮೂರನೇ ಕಣ್ಣು ವಿಶೇಷ, ಅದಕ್ಕೇ ಹೆಸರು ನಿಂತಿತು. ಎರಡು ಕಣ್ಣು ಎಲ್ಲರಿಗೂ ಇವೆ, ಅಲ್ವಾ? ಇದನ್ನು ಓದಿದವರು ಯಾವುದೋ ಮನುಷ್ಯನ ಹೆಸರು ಅಂದುಕೊಳ್ಳುತ್ತಾರೆ.

ಸ್ಟೀರಿಯೋ ಅಂತಲೇ ಬಿಡಿ ಅಂದವರಿಗೂ ಹೇಳಬೇಕು. ಇಲ್ಲಿ ಸ್ಟೀರಿಯೋ ಅಂದರೆ ಹಾಡು ಕೇಳೋ ಡಬ್ಬಿ.

ನಾನು ಜೋಡಿಚಿತ್ರ ಅಂತ ಬರೆಸುತ್ತಿದ್ದೇನೆ. ಎರಡು ಇವೆ, ಒಂದನ್ನು ಬಿಟ್ಟು ಇನ್ನೊಂದಿಲ್ಲ, ಜೋಡಿ ಎತ್ತಿನ ಜೋಡಿ ಅದೇ. ಅದಕ್ಕೆ ಬೆಳಗಾವಿಯ ಮೇಡಂ "ಜೋಡಿ ಕನ್ನಡವೇ ಅಲ್ಲ, ಮರಾಠಿಯಿಂದ ಬಂದದ್ದು" ಅಂತ ಒಂದೇ ಸಾಲಿನಲ್ಲಿ ತಳ್ಳಿಹಾಕಿದರು. ಮೇಡಂ, ಗಡಿಯಲ್ಲಿ ಇದ್ದುಕೊಂಡು ನಿಮಗೆ ಮರಾಠಿ ಬಗ್ಗೆ ಇರೋ ಎಚ್ಚರ ನನಗೆ ಅರ್ಥ ಆಗುತ್ತದೆ. ಆದರೆ ಬದಲಿಗೆ ನೀವು ಕೊಟ್ಟ "ಇಬ್ಬಗೆ ಕಾಗದಚಿತ್ರ"ದಲ್ಲಿ ಕಾಗದ ಫಾರ್ಸಿಯಿಂದ ಬಂದದ್ದಲ್ವಾ? ಗುಮ್ಮಟವೂ ಅಲ್ಲಿಂದಲೇ, ಕಮಾನೂ ಅಲ್ಲಿಂದಲೇ. ಇವನ್ನೆಲ್ಲ ಹೊರಗೆ ಹಾಕಿದರೆ ವಿಜಯಪುರದಲ್ಲಿ ದಾರಿ ಹೇಳೋದಾದರೂ ಹೇಗೆ? ಎತ್ತು ಕಟ್ಟೋ ರೈತ ದಿನಾ ಆಡೋ ಮಾತು ಅವನದೇ. ಎಲ್ಲಿಂದ ಬಂತು ಅಂತ ಕೇಳಿ ಅವನ ಬಾಯಿಂದ ಕಿತ್ತುಕೊಳ್ಳೋ ಹಕ್ಕು ನಮಗಿಲ್ಲ. ಈ ಶುದ್ಧಿ ಕೆಲಸದಿಂದಲೇ ಉತ್ತರದ ಕನ್ನಡ ಪುಸ್ತಕಕ್ಕೆ ಬಾರದೆ ಉಳಿದಿದೆ ಅನ್ನೋದು ನನ್ನ ಬಲವಾದ ನಂಬಿಕೆ.

ಅದೇ ಕಾರಣಕ್ಕೆ ಬಾಗಿಲಲ್ಲಿ "ಚಾಳೀಸು ಇಲ್ಲಿ ಪಡೆಯಿರಿ" ಅಂತ ಬರೆಸುತ್ತೇನೆ. ಚಾಳೀಸು ಅಂದರೆ ಕನ್ನಡಕವೇ, ನಾಲ್ವತ್ತಾದ ಮೇಲೆ ಮೂಗಿಗೆ ಏರೋದು ಅಂತ ಮರಾಠಿಯ ಚಾಳೀಸದಿಂದ ಬಂದ ಪದ, ಇಲ್ಲಿನ ಹಿರಿಯರೆಲ್ಲ ಹಾಗೇ ಅನ್ನುತ್ತಾರೆ. ಕನ್ನಡಕ ಅಂತ ಕೆಳಗೆ ಸಣ್ಣದಾಗಿ ಇರಲಿ, ಹುಡುಗರಿಗೆ. "ಬಣ್ಣದ ಕನ್ನಡಕ" ಅಂತೂ ತಪ್ಪು. ಅದು ಕೆಂಪು-ನೀಲಿ ಗಾಜಿನ ಬೇರೆ ಪದ್ಧತಿ, ನಮ್ಮದು ಬೂದು ಹಾಳೆ.

ನಮ್ಮ ಪರದೆಗೆ ಬೆಳ್ಳಿತೆರೆ ಅನ್ನೋಣ ಅಂದಿದ್ದಕ್ಕೆ, ಬೆಳ್ಳಿತೆರೆ ಸಿನಿಮಾದ್ದು, ಮುಟ್ಟಬೇಡಿ ಅಂತ ಒಬ್ಬರು ಬರೆದಿದ್ದಾರೆ. ಸಿನಿಮಾಕ್ಕೆ ಆ ಹೆಸರು ಬಂದಿದ್ದೇ ಪರದೆಗೆ ಬೆಳ್ಳಿಯಂಥ ಬಣ್ಣ ಬಳಿಯುತ್ತಿದ್ದರಿಂದ. ನಾವೂ ಪ್ಲೈವುಡ್ಡಿಗೆ ಕಿಟಕಿ ಸರಳಿಗೆ ಹೊಡೆಯೋ ಬೆಳ್ಳಿ ಬಣ್ಣ ಹೊಡೆದಿದ್ದೇವೆ. ಬಿಳಿ ಗೋಡೆ ಮೇಲೆ ಬಿಟ್ಟರೆ ಬೆಳಕು ಚೆದುರಿ, ಕಂಪಿಸೋ ದಿಕ್ಕು ಕೆಟ್ಟು, ಎರಡೂ ಚಿತ್ರ ಕಲಸಿಹೋಗುತ್ತವೆ, ಹಾಳೆ ಇದ್ದೂ ಉಪಯೋಗವಿಲ್ಲ. ಬೆಳ್ಳಿತೆರೆ ಅನ್ನೋಕೆ ಇದಕ್ಕಿಂತ ಹೆಚ್ಚು ಹಕ್ಕು ಯಾವುದಕ್ಕಿದೆ?

ಉಳಿದಿದ್ದು ಕ್ಯಾಮೆರಾ ಜಾರಿಸೋ ಪಟ್ಟಿ ಒಂದೇ. ಸರಿಪಟ್ಟಿ ಅಂದರೆ ಸರಿ-ತಪ್ಪಿನ ಪಟ್ಟಿ ಅನ್ನಿಸುತ್ತದೆ, ಜಾರುಪಟ್ಟಿ ಅಂದರೆ ಮಕ್ಕಳ ಜಾರುಬಂಡಿ. ಬಡಿಗರು ಡ್ರಾಯರ್ ಕೆಳಗಿನ ಹಳಿಗೆ ಏನನ್ನುತ್ತಾರೆ, ಯಾರಾದರೂ ಕೇಳಿ ತಿಳಿಸಿ. ಪೇಂಟರ್ ಸಂಜೆ ಬರುತ್ತಾರೆ. ತಕರಾರು ಇದ್ದವರು ಬದಲಿ ಪದ ಸೇರಿಸಿಯೇ ಬರೆಯಿರಿ.