ಸಹಾಯ ಬೇಕು: 1,70,000 ಕಿ.ಮೀ. ಓಡಿದ ಫೋರ್ ವೀಲ್ ಡ್ರೈವ್‌ಗೆ ವಾರಂಟಿ ತಗೊಳ್ಳಬೇಕಾ?

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ಕಾರು, ಯಾವಾಗಲೂ ನಾಲ್ಕೂ ಚಕ್ರ ಎಳೆಯುವ ಮಾದರಿ. ಎಂಜಿನ್ ಚೆನ್ನಾಗಿದೆ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಪಾರ್ಕ್ ಮಾಡುವಾಗ, ಯಾರೋ ಹಿಂದಿನಿಂದ ಹಿಡಿದೆಳೆದ ಹಾಗೆ ಗಾಡಿ ಜಗ್ಗುತ್ತದೆ.

ಟೈರ್ ಸವೆತದಲ್ಲಿ ವ್ಯತ್ಯಾಸ ಇದ್ದರೂ ಹೀಗಾಗುತ್ತದೆ ಅಂತ ನಾಲ್ಕನ್ನೂ ಒಟ್ಟಿಗೆ ಬದಲಿಸಿದೆ. ಗಾಳಿ ಸರಿಯಿದೆ. ಮುಂದಿನ, ಹಿಂದಿನ ಡಿಫರೆನ್ಷಿಯಲ್ (ತಿರುವಿನಲ್ಲಿ ಎಡ-ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರ್) ಆಯಿಲ್ ಕೂಡ ಹೊಸದು. ಜಗ್ಗುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಟ್ರಾನ್ಸ್‌ಫರ್ ಕೇಸ್ (ಎಂಜಿನ್ ಶಕ್ತಿಯನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಭಾಗ) ಮಾತ್ರ ಇನ್ನೂ ಮುಟ್ಟಿಲ್ಲ. ಅದರ ಆಯಿಲ್ ಬದಲಿಸಿದ್ದು ಹಳೇ ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಇಲ್ಲ.

ಈಗ ವಾರಂಟಿ ತಗೊಳ್ಳೋಣ ಅಂದರೆ ಷರತ್ತು ನೋಡಿ ಗೊಂದಲ. ಸಹಜ ಸವೆತಕ್ಕೂ ಮೊದಲೇ ಇದ್ದ ದೋಷಕ್ಕೂ ದುಡ್ಡು ಕೊಡುವುದಿಲ್ಲವಂತೆ. ಈ ಜಗ್ಗಾಟ ಮೊದಲೇ ಇದ್ದದ್ದೇ ಅಲ್ವಾ? ಮುಚ್ಚಿಟ್ಟು ತಗೊಳ್ಳಲು ನನಗೆ ಮನಸ್ಸಿಲ್ಲ.

ಮೊದಲು ಟ್ರಾನ್ಸ್‌ಫರ್ ಕೇಸ್ ಸರಿಮಾಡಿಸಿ, ಬಿಲ್ಲು ಮತ್ತು ತಪಾಸಣೆ ವರದಿ ಇಟ್ಟುಕೊಂಡು ಆಮೇಲೆ ವಾರಂಟಿ ತಗೊಂಡರೆ, ಮುಂದೆ ಆ ಭಾಗ ಕೆಟ್ಟಾಗ ಕ್ಲೇಮ್ ಒಪ್ಪುತ್ತಾರಾ? ಇಲ್ಲಾ ಸುಮ್ನೆ ವಾರಂಟಿಗೆ ಕೊಡುವ ದುಡ್ಡನ್ನು ರಿಪೇರಿಗೆ ಎತ್ತಿಡಲಾ? ಹೀಗೆ ಕ್ಲೇಮ್ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.