ಸೆಸ್ನಾ 172ರಿಂದ ತೆಗೆದ ಫೋಟೋ ಎಲ್ಲಾ ಮಸುಕು, ಮೇಲೆ ಬಣ್ಣದ ಪಟ್ಟೆ ಬೇರೆ

ಕಡಲಹದ್ದು:
ನಮಸ್ಕಾರ. ಅಲಾಸ್ಕಾದ ಆಂಕರೇಜ್‌ನಲ್ಲಿದ್ದೇನೆ, ಮೆರಿಲ್ ಫೀಲ್ಡ್ ವಿಮಾನ ನಿಲ್ದಾಣದಲ್ಲಿ ಸಣ್ಣ ವಿಮಾನ ಓಡಿಸಲು ಕಲಿಯುತ್ತಿದ್ದೇನೆ. ಮೊನ್ನೆ ಮಧ್ಯಾಹ್ನ ಇನ್‌ಸ್ಟ್ರಕ್ಟರ್ ಜೊತೆ ನಿಕ್ ಗ್ಲೇಸಿಯರ್ (ಹಿಮನದಿ) ಕಡೆ ಹೋಗಿದ್ದೆ. ಕೆಳಗೆ ನಿಕ್ ನದಿ ಬಿಚ್ಚಿದ ಜಡೆಯ ಹಾಗೆ ಎಳೆ ಎಳೆಯಾಗಿ ಹರಿಯುತ್ತಿತ್ತು. ಮನೆಗೆ ಬಂದು ನೋಡಿದರೆ 140 ಫೋಟೋದಲ್ಲಿ ಒಂದೂ ಶಾರ್ಪ್ ಇಲ್ಲ. ಕೆಲವದರಲ್ಲಿ ನೇರಳೆ-ಹಸಿರು ಪಟ್ಟೆ. 24-70 ಲೆನ್ಸ್, ಶಟರ್ 1/320 ಸೆಕೆಂಡ್, ಲೆನ್ಸ್ ಮುಂದೆ ಪೋಲರೈಸರ್ (ಪ್ರತಿಫಲನ ತಗ್ಗಿಸುವ ಫಿಲ್ಟರ್) ಹಾಕಿದ್ದೆ. ಕೈ ಅಲುಗಬಾರದು ಅಂತ ಮೊಣಕೈಯನ್ನು ಕಿಟಕಿ ಅಂಚಿಗೆ ಊರಿಕೊಂಡೇ ತೆಗೆದೆ. ಲೆನ್ಸ್ ಕೆಟ್ಟಿದೆಯಾ?

ಅಡ್ಡಗಾಳಿ:
ಲೆನ್ಸ್ ಪಾಪ ಏನೂ ಮಾಡಿಲ್ಲ. ಕಳ್ಳ ನಿಮ್ಮ ಮೊಣಕೈ! ಎಂಜಿನ್ನಿನ ನಡುಕ ಬಾಗಿಲಿಂದ ಕೈಗೆ, ಕೈಯಿಂದ ಕ್ಯಾಮರಾಗೆ ಬರುತ್ತದೆ. ಮೈ ಎಲ್ಲಿಗೂ ತಾಗಿಸದೆ, ಮೊಣಕೈ ಪಕ್ಕೆಗೆ ಒತ್ತಿ ಹಿಡಿಯಿರಿ. ಶಟರ್ 1/1000ಕ್ಕಿಂತ ಕೆಳಗೆ ಇಳಿಸಬೇಡಿ, ಬೇಕಾದರೆ ಐಎಸ್‌ಒ (ಬೆಳಕಿಗೆ ಕ್ಯಾಮರಾದ ಸೂಕ್ಷ್ಮತೆ) ಏರಿಸಿ. ಪಟ್ಟೆ ಬರುವುದು ಪೋಲರೈಸರ್ ಮತ್ತು ಕಿಟಕಿಯ ಪ್ಲಾಸ್ಟಿಕ್ ಸೇರಿದಾಗ. ಬಿಚ್ಚಿಡಿ.

ಇನ್ನೊಂದು, 172ರ ಎಡಗಡೆ ಕಿಟಕಿ ತೆರೆಯುತ್ತದೆ ಅಲ್ವಾ? ಅದನ್ನು ಸ್ವಲ್ಪವೇ ತೆರೆಯಲು ಬಿಡುವ ಒಂದು ತಡೆಪಟ್ಟಿ ಇರುತ್ತದೆ. ಮೆಕ್ಯಾನಿಕ್ ಅದರ ಸ್ಕ್ರೂ ತೆಗೆದುಕೊಟ್ಟರೆ ಗಾಳಿಯೇ ಕಿಟಕಿಯನ್ನು ರೆಕ್ಕೆಯ ಕೆಳಗೆ ಎತ್ತಿ ಹಿಡಿಯುತ್ತದೆ. ನೀವೇ ಸ್ಕ್ರೂಡ್ರೈವರ್ ಹಿಡಿಯಲು ಹೋಗಬೇಡಿ.

ಮೂಡಗಾಳಿ:
ಅದಿರಲಿ, ಫೋಟೋ ತೆಗೆಯುವಾಗ ವಿಮಾನ ಓಡಿಸುತ್ತಿದ್ದವರು ಯಾರು?

ಕಡಲಹದ್ದು:
ನಾನೇ... ಒಂದು ಕೈಯಲ್ಲಿ. ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇದ್ದರು.

ಮೂಡಗಾಳಿ:
ಮಸುಕು ಫೋಟೋಗಿಂತ ದೊಡ್ಡ ಸಮಸ್ಯೆ ಇದು. ನಿಮ್ಮೂರಲ್ಲೇ ಇದಕ್ಕೆ 'ಮೂಸ್ ಸ್ಟಾಲ್' ಅಂತ ಹೆಸರಿದೆ. ಸ್ಟಾಲ್ ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಂಡು ವಿಮಾನ ಕುಸಿಯುವುದು. ಕೆಳಗಿನ ಮೂಸ್ (ದೊಡ್ಡ ಜಾತಿಯ ಜಿಂಕೆ) ನೋಡುತ್ತಾ ಸುತ್ತು ಹಾಕುವಾಗ ಗೊತ್ತಾಗದೆ ವಾಲುವುದು ಜಾಸ್ತಿಯಾಗುತ್ತದೆ, ವೇಗ ಇಳಿಯುತ್ತದೆ. 172ಎಸ್ ಮಾದರಿ ನೇರ ಹಾರುವಾಗ, ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಮಡಿಕೆ ಹಲಗೆ) ಇಳಿಸದೆ, 48 ನಾಟ್‌ಗೆ ಸ್ಟಾಲ್ ಆಗುತ್ತದೆ. ಎತ್ತರ ಬಿಡದೆ 45 ಡಿಗ್ರಿ ವಾಲಿದರೆ 57ಕ್ಕೇ ಆಗುತ್ತದೆ, 60 ಡಿಗ್ರಿಗೆ 68. ಕಣ್ಣು ವ್ಯೂಫೈಂಡರ್‌ನಲ್ಲಿದ್ದರೆ ಮೀಟರ್ ನೋಡುವವರು ಯಾರು? ತಗ್ಗಿನಲ್ಲಿದ್ದರೆ ಸರಿಪಡಿಸಿಕೊಳ್ಳಲು ಎತ್ತರವೂ ಸಿಗುವುದಿಲ್ಲ. ಕ್ಯಾಮರಾ ಎತ್ತುವ ಮೊದಲು 'ಕಂಟ್ರೋಲ್ ನಿಮ್ಮದು' ಅಂತ ಬಾಯಿಬಿಟ್ಟು ಹೇಳಿ. ಅವರೂ 'ನನ್ನದು' ಅನ್ನಬೇಕು. ಆಮೇಲೆ ಸ್ಟಿಯರಿಂಗ್ ಕಡೆ ಕೈ ಹೋಗಬಾರದು.

ಅಡ್ಡಗಾಳಿ:
ಹೌದು, ನಾನು ಕೇಳಬೇಕಿತ್ತು. ಕಿಟಕಿ ತೆರೆದರೆ ಲೆನ್ಸ್ ಹುಡ್ ತೆಗೆದಿಡಿ, ಕ್ಯಾಮರಾ ಪಟ್ಟಿ ಕೊರಳಲ್ಲಿರಲಿ. ಹಾರಿಹೋದ ವಸ್ತು ಬಾಲಕ್ಕೆ ಬಡಿಯಬಹುದು. ಮತ್ತೆ ಮಧ್ಯಾಹ್ನ ಯಾಕೆ ಹೋಗುತ್ತೀರಿ? ಜೂನ್‌ನಲ್ಲಿ ನಿಮಗೆ ರಾತ್ರಿ 11 ದಾಟಿದರೂ ಸೂರ್ಯ ಇರುತ್ತಾನೆ. 9ರ ಮೇಲೆ ಹೋಗಿ, ಓರೆ ಬಿಸಿಲಿಗೆ ನದಿಯ ಎಳೆಗಳೆಲ್ಲ ಎದ್ದು ಕಾಣುತ್ತವೆ.

ಕಡಲಹದ್ದು:
ನಿನ್ನೆ ರಾತ್ರಿ ಒಂಬತ್ತೂವರೆಗೆ ಹೋಗಿದ್ದೆವು. ಕಂಟ್ರೋಲ್ ಅವರದು, ಕಿಟಕಿ ಪೂರ್ತಿ ಮೇಲೆ, ಶಟರ್ 1/1250. 60ರಲ್ಲಿ 40 ಶಾರ್ಪ್! ಪಟ್ಟೆ ಮಾಯ. ಬೆರಳು ಮಾತ್ರ ಮರಗಟ್ಟಿ ಬಟನ್ ಒತ್ತಿದ್ದೇ ಗೊತ್ತಾಗುತ್ತಿರಲಿಲ್ಲ. ಬೆರಳ ತುದಿ ತೆರೆದಿರುವ ಗ್ಲೌಸ್ ಯಾರಾದರೂ ಬಳಸಿದ್ದೀರಾ?