‘ವಿಲೀನದ ಬದಲಾವಣೆ’ ಎಂದರೆ ಯಾವ ಬದಲಾವಣೆ? ಗಿಟ್ ಕೈಪಿಡಿಯ ವಿವರಣೆಗಳಿಗೆ ಬೇಕಾದ ಪದಗಳು

ಮಾನ್ಯರೇ, ನಮಸ್ಕಾರ.

ಫೈಲುಗಳ ಬದಲಾವಣೆಗಳ ಇತಿಹಾಸವನ್ನು ಕಾಪಾಡುವ ತಂತ್ರಾಂಶವಾದ ಗಿಟ್ ಅನ್ನು ಬಳಸುವ ಕನ್ನಡ ಓದುಗರಿಗಾಗಿ ಸಿದ್ಧವಾಗುತ್ತಿರುವ ಕೈಪಿಡಿಯೊಂದರಲ್ಲಿ ಲಾಗ್ ಮತ್ತು ಶೋ ಕಮಾಂಡ್‌ಗಳ ಭಾಗವನ್ನು ನಾನು ಬರೆಯುತ್ತಿದ್ದೇನೆ. ಗಿಟ್‌ನಲ್ಲಿ ದಾಖಲಾಗುವ ಪ್ರತಿ ಹಂತವೂ ಒಂದು ಕಮಿಟ್, ಎರಡು ಕವಲುಗಳನ್ನು (ಬ್ರಾಂಚ್) ವಿಲೀನ ಮಾಡಿದಾಗ ದಾಖಲಾಗುವುದು ಮರ್ಜ್ ಕಮಿಟ್. ಇಂಥ ಮರ್ಜ್ ಕಮಿಟ್ ಒಂದರ ಬದಲಾವಣೆಗಳನ್ನು ನೋಡಲು ಇರುವ ಆಯ್ಕೆಗಳನ್ನು ವಿವರಿಸುವಾಗ ಹುಟ್ಟಿಕೊಂಡ ಪದಸಮಸ್ಯೆಯೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಆಯ್ಕೆಗಳ ಹೆಸರನ್ನು ಕನ್ನಡಿಸುವ ಮಾತು ಇಲ್ಲಿ ಬರುವುದಿಲ್ಲ. ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು, ಈ ಪತ್ರದಲ್ಲಿ ಮಾತ್ರ ಉಚ್ಚಾರಣೆಯಂತೆ ಬರೆದಿದ್ದೇನೆ. ಆ ಹೆಸರುಗಳ ಮುಂದೆ ನಾವು ಬರೆಯಬೇಕಾದ ಒಂದೆರಡು ಸಾಲಿನ ವಿವರಣೆಯ ಕನ್ನಡ ಹೇಗಿರಬೇಕು ಎಂಬುದಷ್ಟೇ ನನ್ನ ಪ್ರಶ್ನೆ.

ಸಾಮಾನ್ಯ ಕಮಿಟ್‌ಗೆ ಪೋಷಕ ಕಮಿಟ್ (ಅದರ ಹಿಂದಿನ ಕಮಿಟ್) ಒಂದೇ ಆದ್ದರಿಂದ ‘ಏನು ಬದಲಾಯಿತು’ ಎಂಬ ಪ್ರಶ್ನೆಗೆ ಉತ್ತರವೂ ಒಂದೇ. ಮರ್ಜ್ ಕಮಿಟ್‌ಗೆ ಎರಡು, ಕೆಲವೊಮ್ಮೆ ಎರಡಕ್ಕಿಂತ ಹೆಚ್ಚು ಪೋಷಕಗಳಿರುವುದರಿಂದ, ಯಾವುದಕ್ಕೆ ಹೋಲಿಸಿ ನೋಡುತ್ತೇವೆ ಎಂಬುದನ್ನು ಹೇಳದ ಹೊರತು ಆ ಪ್ರಶ್ನೆಗೆ ಅರ್ಥವೇ ಇರುವುದಿಲ್ಲ. ಲಾಗ್ ಕಮಾಂಡ್‌ಗೆ, ವ್ಯತ್ಯಾಸವನ್ನೂ ತೋರಿಸು ಎನ್ನುವ -ಪಿ ಆಯ್ಕೆಯನ್ನು ಕೊಟ್ಟರೂ ಮರ್ಜ್ ಕಮಿಟ್‌ಗಳ ವ್ಯತ್ಯಾಸವನ್ನು ಅದು ತಾನಾಗಿ ತೋರಿಸುವುದಿಲ್ಲ. ಶೋ ಕಮಾಂಡ್ ಅದೇ ಕಮಿಟ್‌ಗೆ, ಮುಂದೆ ವಿವರಿಸಲಿರುವ --ಸಿಸಿ ರೂಪದ ವ್ಯತ್ಯಾಸವನ್ನು ತೋರಿಸುತ್ತದೆ. ಹೊಸಬರು ಮೊದಲು ಗೊಂದಲಗೊಳ್ಳುವುದು ಇಲ್ಲಿಯೇ. ಆ ಗೊಂದಲವನ್ನು ಕಳೆಯಬೇಕಾದ ವಿವರಣೆಯೇ ಅಸ್ಪಷ್ಟವಾಗಿದ್ದರೆ ಕೈಪಿಡಿ ಇದ್ದೂ ಪ್ರಯೋಜನವಿಲ್ಲ.

ನಮ್ಮ ಕರಡಿನಲ್ಲಿ ಬಹುತೇಕ ಎಲ್ಲ ಆಯ್ಕೆಗಳ ಮುಂದೆಯೂ ‘ವಿಲೀನದ ಬದಲಾವಣೆಗಳನ್ನು ತೋರಿಸುತ್ತದೆ’ ಎಂಬ ವಾಕ್ಯವಿದೆ. ವ್ಯಾಕರಣದ ದೃಷ್ಟಿಯಿಂದ ತಪ್ಪಿಲ್ಲದ ವಾಕ್ಯವಿದು, ಆದರೆ ಇಲ್ಲಿನ ಷಷ್ಠೀ ವಿಭಕ್ತಿ ಎರಡು ಬೇರೆ ಬೇರೆ ಸಂಬಂಧಗಳನ್ನು ಒಂದೇ ಹೊದಿಕೆಯೊಳಗೆ ಮುಚ್ಚಿಬಿಡುತ್ತದೆ. ಇನ್ನೊಂದು ಕವಲಿನಲ್ಲಿ ನಡೆದ ಕೆಲಸವೆಲ್ಲ ಮುಖ್ಯ ಕವಲಿಗೆ ಬಂದು ಸೇರಿತಲ್ಲ, ಅದೂ ವಿಲೀನದ ಬದಲಾವಣೆಯೇ. ಎರಡು ಕವಲುಗಳು ಒಂದೇ ಸಾಲಿಗಾಗಿ ಸಂಘರ್ಷಕ್ಕೆ ಬಿದ್ದಾಗ, ವಿಲೀನ ಮಾಡುತ್ತಿದ್ದವರು ಕೈಯಾರೆ ತಿದ್ದಿ ಬರೆದದ್ದೂ ವಿಲೀನದ ಬದಲಾವಣೆಯೇ. ಗಿಟ್‌ನಲ್ಲಿ ಇವೆರಡನ್ನು ನೋಡಲು ಬೇರೆ ಬೇರೆ ಆಯ್ಕೆಗಳಿವೆ. ನಮ್ಮ ವಾಕ್ಯ ಮಾತ್ರ ಒಂದೇ.

ಒಂದು ಚಿಕ್ಕ ಉದಾಹರಣೆ ಕೊಡುತ್ತೇನೆ. ಸೆಟ್ಟಿಂಗ್ಸ್ ಫೈಲೊಂದರಲ್ಲಿ ಕಾಯುವ ಅವಧಿಯನ್ನು ಹೇಳುವ ಸಾಲಿದೆ ಎಂದುಕೊಳ್ಳಿ. ಮುಖ್ಯ ಕವಲಿನಲ್ಲಿ ಅದನ್ನು 30 ಎಂದೂ, ಇನ್ನೊಂದು ಕವಲಿನಲ್ಲಿ 60 ಎಂದೂ ಬದಲಿಸಿದ್ದಾರೆ. ವಿಲೀನ ಮಾಡಿದವರು ಎರಡನ್ನೂ ಬಿಟ್ಟು 45 ಎಂದು ಬರೆದರು. -ಎಮ್ ಆಯ್ಕೆಯನ್ನು -ಪಿ ಜೊತೆಗೆ ಕೊಟ್ಟರೆ ಒಂದೇ ಕಮಿಟ್ ಎರಡು ಬಾರಿ ಬರುತ್ತದೆ: ಒಮ್ಮೆ 30 ಹೋಗಿ 45 ಬಂದಂತೆ, ಮತ್ತೊಮ್ಮೆ 60 ಹೋಗಿ 45 ಬಂದಂತೆ. --ಸಿಸಿ ಆಯ್ಕೆ ಎರಡನ್ನೂ ಒಂದೇ ಕಡೆ ತೋರಿಸುತ್ತದೆ. ಅಲ್ಲಿ ಸಾಲಿನ ಆರಂಭದಲ್ಲಿ ಪ್ರತಿ ಪೋಷಕಕ್ಕೂ ಒಂದರಂತೆ ಗುರುತಿನ ಜಾಗವಿರುತ್ತದೆ. 30ರ ಸಾಲಿಗೆ ಮೊದಲ ಜಾಗದಲ್ಲಿ ಮೈನಸ್, 60ರ ಸಾಲಿಗೆ ಎರಡನೆಯ ಜಾಗದಲ್ಲಿ ಮೈನಸ್, 45ರ ಸಾಲಿಗೆ ಎರಡೂ ಜಾಗಗಳಲ್ಲಿ ಪ್ಲಸ್ ಬೀಳುತ್ತದೆ. ಈ ಜೋಡಿ ಪ್ಲಸ್ ಕಂಡರೆ ಆ ಸಾಲು ಯಾವ ಪೋಷಕದಲ್ಲಿಯೂ ಇರಲಿಲ್ಲ ಎಂದು ತಿಳಿಯಬೇಕು.

ಈಗ ವಿಲೀನ ಮಾಡಿದವರು 45ರ ಬದಲು 60ನ್ನೇ ಉಳಿಸಿಕೊಂಡರು ಎನ್ನೋಣ. ಆಗ --ಸಿಸಿ ಆ ಭಾಗವನ್ನು ತೋರಿಸುವುದೇ ಇಲ್ಲ, ಏಕೆಂದರೆ ಫಲಿತಾಂಶ ಒಂದು ಪೋಷಕದ ಪಾಠದೊಂದಿಗೆ (ಫೈಲಿನಲ್ಲಿರುವ ಬರಹದೊಂದಿಗೆ) ಪೂರ್ತಿಯಾಗಿ ಹೊಂದಿಕೊಂಡಿದೆ. ಆದರೆ 2022ರಲ್ಲಿ ಬಂದ 2.36ನೆಯ ಆವೃತ್ತಿಯಿಂದ ಲಭ್ಯವಿರುವ --ರೀಮರ್ಜ್-ಡಿಫ್ ಸುಮ್ಮನಿರುವುದಿಲ್ಲ. ಅದು ಎರಡು ಪೋಷಕಗಳನ್ನು ಯಂತ್ರವೇ ಮತ್ತೊಮ್ಮೆ ವಿಲೀನ ಮಾಡುವಂತೆ ಮಾಡಿ, ಆಗ ಉಳಿಯುವ ಸಂಘರ್ಷದ ಗುರುತುಗಳ (ಎರಡೂ ಕವಲುಗಳ ಸಾಲುಗಳನ್ನು ಬೇರ್ಪಡಿಸಿ ತೋರಿಸಲು ಗಿಟ್ ಹಾಕುವ ಗೆರೆಗಳ) ಸಮೇತ ಬಂದ ಪಾಠವನ್ನು, ದಾಖಲಾದ ಪಾಠಕ್ಕೆ ಹೋಲಿಸುತ್ತದೆ. ಅಲ್ಲಿ ಗುರುತುಗಳೂ 30ರ ಸಾಲೂ ಅಳಿಸಿಹೋದದ್ದು ಕಾಣುತ್ತದೆ. ಒಬ್ಬ ಮನುಷ್ಯ ಅಲ್ಲಿ ನಿಂತು ಇದು ಬೇಕು, ಇದು ಬೇಡ ಎಂದು ತೀರ್ಮಾನಿಸಿದ್ದು ಕಾಣುತ್ತದೆ. ಪರಿಶೀಲನೆ ಮಾಡುವವರಿಗೆ ಇದಕ್ಕಿಂತ ಬೆಲೆಯುಳ್ಳ ಮಾಹಿತಿ ಬೇರೆ ಇಲ್ಲ ಎಂದು ನಾನು ನಂಬುತ್ತೇನೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ಹೊಸ ಪದಗಳನ್ನು ಕಟ್ಟುವ ಮೊದಲು ಕನ್ನಡದ ವಿಭಕ್ತಿಗಳಿಗೇ ಈ ಕೆಲಸವನ್ನು ವಹಿಸೋಣ. ಮೊದಲ ಪೋಷಕದೊಂದಿಗೆ (ವಿಲೀನವನ್ನು ಬರಮಾಡಿಕೊಂಡ ಕವಲಿನ ಕಮಿಟ್‌ನೊಂದಿಗೆ) ಮಾತ್ರ ಹೋಲಿಸುವ ರೂಪಕ್ಕೆ ‘ವಿಲೀನದಿಂದ ಬಂದ ಬದಲಾವಣೆ’ ಎಂದೂ, --ರೀಮರ್ಜ್-ಡಿಫ್ ಆಯ್ಕೆಗೆ ‘ವಿಲೀನ ಮಾಡುವಾಗ ಕೈಯಾರೆ ಮಾಡಿದ ಬದಲಾವಣೆ’ ಎಂದೂ ಬರೆದರೆ, ಗಿಟ್‌ನ ಒಳಗುಟ್ಟು ತಿಳಿಯದವರಿಗೂ ವ್ಯತ್ಯಾಸ ಥಟ್ಟನೆ ಹೊಳೆಯುತ್ತದೆ. -ಎಮ್ ಆಯ್ಕೆಗೆ ‘ಪ್ರತಿ ಪೋಷಕಕ್ಕೂ ಪ್ರತ್ಯೇಕವಾಗಿ ಹೋಲಿಸಿದ ವ್ಯತ್ಯಾಸ’ ಎಂದರೆ ಸಾಕು, ಅಲ್ಲಿ ತಕರಾರಿಲ್ಲ.

ತಕರಾರು ಇರುವುದು -ಸಿ ಮತ್ತು --ಸಿಸಿ ಎಂಬ ಅವಳಿಗಳಲ್ಲಿ. -ಸಿ ಎಲ್ಲ ಪೋಷಕಗಳಿಗಿಂತಲೂ ಬೇರೆಯಾಗಿರುವ ಫೈಲುಗಳನ್ನು ಮಾತ್ರ ಎತ್ತಿಕೊಂಡು, ಅವುಗಳ ವ್ಯತ್ಯಾಸವನ್ನು ಒಟ್ಟಿಗೆ ತೋರಿಸುತ್ತದೆ. ಇದಕ್ಕೆ ‘ಸಂಯುಕ್ತ ವ್ಯತ್ಯಾಸ’ ಎನ್ನಬಹುದು. --ಸಿಸಿ ಅದರಿಂದ ಇನ್ನಷ್ಟನ್ನು ತೆಗೆದುಹಾಕುತ್ತದೆ: ಒಂದು ಪೋಷಕದ ಪಾಠವನ್ನೇ ಹಾಗೆಯೇ ಉಳಿಸಿಕೊಂಡ ಭಾಗಗಳನ್ನು ಕೈಬಿಡುತ್ತದೆ. ಇಂಗ್ಲಿಷಿನ ‘ಡೆನ್ಸ್’ ಪದಕ್ಕೆ ಹೊಂದಿಸಿ ಕರಡಿನಲ್ಲಿ ಇದಕ್ಕೆ ‘ದಟ್ಟ ಸಂಯುಕ್ತ ವ್ಯತ್ಯಾಸ’ ಎಂದಿದೆ. ಇದು ನನಗೆ ಒಪ್ಪಿಗೆಯಿಲ್ಲ. ದಟ್ಟ ಕಾಡು, ದಟ್ಟ ಮಂಜು, ವಾಹನ ದಟ್ಟಣೆ ಎನ್ನುವಾಗಲೆಲ್ಲ ತುಂಬಿಕೊಂಡದ್ದು, ದಾಟಿ ನೋಡಲು ಕಷ್ಟವಾದದ್ದು ಎಂಬ ಭಾವವಿದೆ. ಈ ಆಯ್ಕೆಯಾದರೋ ಕಡಿಮೆ ಸಾಲುಗಳನ್ನು, ನೋಡಲು ಸುಲಭವಾಗಿ ತೋರಿಸುವಂಥದ್ದು. ‘ಸಾಂದ್ರ’ ಪದವು ಓದುಗರನ್ನು ಭೌತಶಾಸ್ತ್ರದ ತರಗತಿಗೆ ಕರೆದೊಯ್ಯುತ್ತದೆ. ‘ಸಂಕ್ಷಿಪ್ತ’ ಎಂದರೆ ಉಳಿದ ಸಾಲುಗಳನ್ನೂ ಮೊಟಕುಗೊಳಿಸಿದ್ದಾರೆ ಎಂದು ತಿಳಿಯುವ ಅಪಾಯವಿದೆ, ಆದರೆ ಇಲ್ಲಿ ಉಳಿದದ್ದು ಪೂರ್ಣವಾಗಿಯೇ ಉಳಿಯುತ್ತದೆ. ‘ಅಡಕ ಮುದ್ರಿಕೆ’ಯ (ಸಿಡಿ) ಮೂಲಕ ಪರಿಚಿತವಾದ ‘ಅಡಕ’ ನನಗೆ ಹೆಚ್ಚು ಸರಿಹೊಂದುವಂತೆ ತೋರುತ್ತದೆ: ‘ಅಡಕ ಸಂಯುಕ್ತ ವ್ಯತ್ಯಾಸ’.

‘ವಿಲೀನ’ ಪದದ ಬಗ್ಗೆಯೂ ಒಂದು ಮಾತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು ಎನ್ನುವಾಗ, ಸೇರಿಕೊಂಡದ್ದು ತನ್ನ ಹೆಸರನ್ನೂ ಅಸ್ತಿತ್ವವನ್ನೂ ಕಳೆದುಕೊಂಡಿತು ಎಂದೇ ಅರ್ಥ. ಗಿಟ್‌ನಲ್ಲಿ ಹಾಗಾಗುವುದಿಲ್ಲ, ಸೇರಿದ ಕವಲಿನ ಕಮಿಟ್‌ಗಳೆಲ್ಲ ಇತಿಹಾಸದಲ್ಲಿ ಹಾಗೆಯೇ ಇರುತ್ತವೆ, ಆ ಕವಲನ್ನು ಮುಂದೆಯೂ ಬೆಳೆಸಬಹುದು. ಈ ಕಾರಣಕ್ಕೆ ‘ಕೂಡಿಕೆ’ ಅಥವಾ ‘ಒಗ್ಗೂಡಿಕೆ’ ಹೆಚ್ಚು ನಿಖರವೆಂದು ವಾದಿಸಬಹುದು. ಆದರೂ ‘ವಿಲೀನ’ವನ್ನು ಬಿಡಲು ನನಗೆ ಮನಸ್ಸಿಲ್ಲ: ಒಂದು ಕವಲನ್ನು ಇನ್ನೊಂದರ ಒಳಗೆ ತರುತ್ತೇವೆ ಎಂಬ ದಿಕ್ಕು ಆ ಪದದಲ್ಲಿದೆ, ಮೊದಲ ಪೋಷಕಕ್ಕೆ ಗಿಟ್ ಕೊಡುವ ವಿಶೇಷ ಸ್ಥಾನವನ್ನು ವಿವರಿಸಲು ಆ ದಿಕ್ಕು ಬೇಕೇ ಬೇಕು. ‘ಕೂಡಿಕೆ’ಯಲ್ಲಿ ಇಬ್ಬರೂ ಸಮಾನರು.

‘ಪೋಷಕ’ ಪದವನ್ನು ಶಾಲೆಯ ಪೋಷಕರ ಸಭೆಯ ಬಳಕೆಯಿಂದ ಎಲ್ಲರೂ ಬಲ್ಲರಾದ್ದರಿಂದ ಹಾಗೆಯೇ ಇಟ್ಟುಕೊಂಡಿದ್ದೇನೆ. ‘ಪೂರ್ವಜ’ವನ್ನು ಎರಡೂ ಕವಲುಗಳು ಹೊರಟ ಹಳೆಯ ಕಮಿಟ್‌ಗೆ ಮೀಸಲಿಡುವುದು ಲೇಸು.

ನಿಮ್ಮಿಂದ ತಿಳಿಯಬಯಸುವುದು ಇವು. --ಸಿಸಿ ಆಯ್ಕೆಗೆ ‘ಅಡಕ’ಕ್ಕಿಂತ ಹೊಂದುವ ಬಳಕೆಯ ಪದ ನಿಮ್ಮ ಕಡೆ ಇದೆಯೇ? ಯಾವ ಪೋಷಕದಲ್ಲಿಯೂ ಇಲ್ಲದ ಬದಲಾವಣೆಯನ್ನು ಒಳಗೆ ತರುವ ವಿಲೀನವನ್ನು ಗಿಟ್‌ನ ಪದಕೋಶ ‘ಈವಿಲ್ ಮರ್ಜ್’ ಎಂದು ಕರೆಯುತ್ತದೆ. ಅದನ್ನು ‘ದುಷ್ಟ ವಿಲೀನ’ ಎಂದರೆ, ಮೇಲಿನ 45ರಂಥ ನ್ಯಾಯವಾದ ತಿದ್ದುಪಡಿ ಮಾಡಿದವರ ಮೇಲೂ ಆರೋಪ ಹೊರಿಸಿದಂತಾಗುವುದಿಲ್ಲವೇ? ‘ಹೊರಗಿನದು ಬೆರೆತ ವಿಲೀನ’ ಎಂದು ನಾನು ತಾತ್ಕಾಲಿಕವಾಗಿ ಬರೆದುಕೊಂಡಿದ್ದೇನೆ. ಉದ್ದವಾಯಿತೆಂದು ತೋರಿದರೆ ಚಿಕ್ಕದನ್ನು ಸೂಚಿಸಿ. ಆದರೆ ವಿಲೀನ ಮಾಡಿದವರ ಉದ್ದೇಶವನ್ನು ತೂಗುವ ವಿಶೇಷಣ ಅದರಲ್ಲಿ ಬಾರದಿರಲಿ ಎಂದು ಕೋರುತ್ತೇನೆ.